ಮೇಲಿನ ಮನೆಯ ಸಹಿ

ಸೋಮವಾರ, 14 ಆಗಸ್ಟ್ 2023. ಬೆಳಿಗ್ಗೆ 6.40

ವಾಕಿಂಗ್ ಆಯ್ತು. ಶುಗರ್ 131. ಪರವಾಗಿಲ್ಲ. ಹೊರಗೆ ಮಂಜು, ಒಂಬತ್ತರ ತನಕ ಬಿಸಿಲು ಬರಲ್ಲ. ಸಾಬೆರಾ ಚಹಾ ಇಟ್ಟು ಕೇಳಿದಳು, ದಿನಾ ಅದೇನು ಬರೀತೀರಿ ಅಂತ. ಶುಗರ್ ರೀಡಿಂಗ್ ಅಂದೆ. ನನ್ನ ಹೆಂಡತಿಗೆ ಕನ್ನಡ ಓದೋಕೆ ಬರಲ್ಲ. ಅನುಕೂಲ.

ಬ್ಯಾಂಕ್ ಮತ್ತೆ ಇಲ್ಲ ಅಂದಿದೆ. ನಮಗಲ್ಲ, ನಮ್ಮ ಫ್ಲ್ಯಾಟ್ ತಗೊಳ್ಳೋಕೆ ಬಂದವನಿಗೆ. ಫ್ಲ್ಯಾಟ್ ನಮ್ಮದು, ಕೆಳಗಿನ ನೆಲ ನಮ್ಮದಲ್ಲ — ಗ್ಲೆಂಡೇಲ್ ಊರಿನ ಯಾವುದೋ ಕುಟುಂಬದ್ದು. ಲೀಸ್ 2052ಕ್ಕೆ ಮುಗಿಯುತ್ತೆ. ಮೂವತ್ತು ವರ್ಷದ ಸಾಲ, ಇಪ್ಪತ್ತೊಂಬತ್ತು ವರ್ಷದ ನೆಲ. ಯಾರು ಕೊಡ್ತಾರೆ?

ನೆಲದವರು ಇನ್ನೂ ಅರವತ್ತು ವರ್ಷ ಕೊಡೋಕೆ ಒಪ್ಪಿದಾರೆ. ಷರತ್ತು ಒಂದೇ — ಹದಿನಾರು ಮನೆಯವರೂ ಅಕ್ಟೋಬರ್ 31ರೊಳಗೆ ಸಹಿ ಹಾಕಬೇಕು. ಒಬ್ಬರು ತಪ್ಪಿದರೂ ಇಲ್ಲ. ಹದಿನೈದು ಆಗಿದೆ. ಉಳಿದದ್ದು ನಮ್ಮ ತಲೆ ಮೇಲಿನ ಮನೆ. ಪ್ರೇಮವ್ವ.

ಶನಿವಾರ, 2 ಸೆಪ್ಟೆಂಬರ್

ಸೆರಿಟೋಸ್, ಮಗ ಜುನೈದ್‌ನ ಮನೆ. ಬರೋಕೆ ಎರಡು ಗಂಟೆ ನಲವತ್ತು ನಿಮಿಷ. ಕಾರಿಂದ ಇಳಿದಾಗ ಸಾಬೆರಾಗೆ ಸೊಂಟ ನೇರ ಆಗಲಿಲ್ಲ. ಆದರೂ ಮೊಮ್ಮಗಳು ರಿಮ್ಶಾನ ಎತ್ತಿಕೊಂಡೇ ಇದ್ದಳು. ಎರಡು ಬೀದಿ ಆಚೆ ಒಂದು ಸಣ್ಣ ಮನೆ ಖಾಲಿ ಇದೆ. ನಮ್ಮದು ಮಾರದೆ ಅದು ಸಾಧ್ಯವಿಲ್ಲ. ವಾಪಸ್ ಬರ್ತಾ, ಮೇಲಿನವರ ಹತ್ತಿರ ನೀನೇ ಮಾತಾಡು ಅಂದರೆ — "ಕನ್ನಡ ನಿಮಗೆ ತಾನೇ ಬರೋದು."

ಮಂಗಳವಾರ, 5 ಸೆಪ್ಟೆಂಬರ್

ಮೇಲೆ ಹೋಗಿದ್ದೆ. ಪ್ರೇಮವ್ವನಿಗೆ ಎಪ್ಪತ್ತಾರು. ಗದಗದ ಕಡೆಯವರು. ಯಜಮಾನರು ರೇವಣಸಿದ್ದಪ್ಪ 2021ರ ಜನವರಿಯಲ್ಲಿ ಕೋವಿಡ್‌ನಲ್ಲಿ ಹೋದರು. ಈಗ ಮೊಮ್ಮಗಳು ಪ್ರಣತಿ ಜೊತೆಗಿದ್ದಾಳೆ, ಯೂನಿವರ್ಸಿಟಿಯಲ್ಲಿ ಓದ್ತಾ.

"ಆ ಲೀಸ್ ಪೇಪರ್, ಅಮ್ಮಾ…"

"2112ರ ತನಾ ಅಂತಲ್ರಿ ಸಾಹೇಬ್ರ? ಆಗ ನನಗೆಷ್ಟು ವಯಸ್ಸು?"

"ನೂರಾ ಅರವತ್ತೈದು."

"ಅಲ್ಲೀತನಾ ರೊಟ್ಟಿ ತಿನ್ನಾಕ ಹಲ್ಲೆಲ್ಲಿಂದ ತರ್ಲಿ?"

ಇಬ್ಬರೂ ನಕ್ಕೆವು. ಪೇಪರ್ ಮಾತ್ರ ಮುಟ್ಟಲಿಲ್ಲ. ಹೊರಡುವಾಗ ಅಂದರು — "ನೀವು ಕೆಳಗ ಅದೀರಿ, ಅಷ್ಟ ಸಾಕು ನನಗ."

ನಾವು ಮಾರೋಕೆ ಹೊರಟಿದ್ದೀವಿ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಮೆಟ್ಟಿಲು ಇಳಿದು ಬಂದೆ.

ಸೋಮವಾರ, 18 ಸೆಪ್ಟೆಂಬರ್

ಪಾರ್ಕಿಂಗ್‌ನಲ್ಲಿ ಪ್ರಣತಿ ಸಿಕ್ಕಳು. ನಾನು ಕನ್ನಡ, ಅವಳು ಇಂಗ್ಲಿಷ್. ಅಜ್ಜಿಗೆ ಲೀಸ್ ಮೇಲೆ ಸಿಟ್ಟಿಲ್ಲವಂತೆ. ಮನೆ ಇಬ್ಬರ ಹೆಸರಲ್ಲಿದೆ. ಒಬ್ಬರೇ ಸಹಿ ಹಾಕಬೇಕಾದರೆ ಮೊದಲು ಕೌಂಟಿಗೆ, ಅಂದರೆ ಇಲ್ಲಿನ ಜಿಲ್ಲಾ ಕಚೇರಿಗೆ, ಒಂದು ಅಫಿಡವಿಟ್ ಕೊಡಬೇಕು — ಗಂಡ ತೀರಿಕೊಂಡಿದ್ದಾರೆ, ಹೆಸರು ತೆಗೀರಿ ಅಂತ. ಆ ಫಾರಂ ಎರಡು ತಿಂಗಳಿಂದ ಡ್ರಾಯರ್‌ನಲ್ಲಿದೆ. "ಶೀ ಕಾಂಟ್ ಈವನ್ ಲುಕ್ ಅಟ್ ಇಟ್, ಅಂಕಲ್."

ಆಸ್ಪತ್ರೆಯಲ್ಲಿ ಕೊನೆಗೆ ಗಂಡನ ಮುಖ ನೋಡೋಕೂ ಬಿಡಲಿಲ್ಲ ಪ್ರೇಮವ್ವನಿಗೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಿಂಗಳಿಂದ ಹಟಮಾರಿ ಮುದುಕಿ ಅಂತ ಸಾಬೆರಾ ಹತ್ತಿರ ಬೈತಿದ್ದೆ.

ಸೋಮವಾರ, 9 ಅಕ್ಟೋಬರ್

ಮೂರು ಸಲ ಮೇಲೆ ಹೋದೆ. ಪೇಪರ್ ವಿಷಯ ಎತ್ತಲಿಲ್ಲ. ರೇವಣಸಿದ್ದಪ್ಪನವರ ಮಾತೇ ಬಂತು — ಫ್ರೀವೇಲಿ ಐವತ್ತೈದು ದಾಟದೆ ಓಡಿಸೋರು, ಹಿಂದಿನವರು ಹಾರ್ನ್ ಹೊಡೆದರೆ ಕೈ ಬೀಸೋರು. ಇವತ್ತು ಪ್ರೇಮವ್ವನೇ ಕೇಳಿದರು.

"ಆ ಫಾರಂ ಕೊಡಾಕ ಯಾವಾಗ ಹೋಗೂಣು?"

"ನೀವು ಹೇಳಿದಾಗ."

"ಮುಂದಿನ ವಾರ. ಪ್ರಣತಿ ಬ್ಯಾಡ, ಅಳ್ತಾಳ. ನೀವs ಬರ್ರಿ."

ಮಂಗಳವಾರ, 17 ಅಕ್ಟೋಬರ್. ಸಂಜೆ

ಕಾರಿನಲ್ಲಿ ಹೇಳಿಬಿಟ್ಟೆ. ಸಿಗ್ನಲ್‌ನಲ್ಲಿ ನಿಂತಾಗ. ಮುಖ ನೋಡದೆ.

"ಅಮ್ಮಾ, ನಾವು ಫ್ಲ್ಯಾಟ್ ಮಾರ್ತಾ ಇದೀವಿ. ಸಹಿ ಕೇಳಿದ್ದು ಅದಕ್ಕೇ. ನಿಮಗೆ ಮೊದಲೇ ಹೇಳಬೇಕಿತ್ತು."

ಸಿಗ್ನಲ್ ಹಸಿರಾಯ್ತು. ಹೊರಟೆ.

"ಗೊತ್ತಿತ್ತ್ರೀ. ಜುಲೈನ್ಯಾಗ ಒಬ್ಬಾವ ಬಂದು ನಿಮ್ಮ ಬಾಲ್ಕನಿ ಫೋಟೋ ಹೊಡಕೊಂಡು ಹೋದ. ನೀವು ಹೇಳ್ತೀರೋ ಇಲ್ಲೋ ಅಂತ ನೋಡಾಕತ್ತಿದ್ದೆ."

"ಮತ್ತೆ… ವಾಪಸ್ ಹೋಗೋಣವಾ?"

"ಯಾಕ? ಸಾಬೆರಾಗ ಮೊಮ್ಮಕ್ಕಳು ಬ್ಯಾಡೇನು? ನಡೀರಿ."

ನೋಟರಿ ಒಬ್ಬಳು ಚಿಕ್ಕ ವಯಸ್ಸಿನವಳು. ಬಲಗೈ ಎತ್ತಿಸಿದಳು. ಈ ಡೆತ್ ಸರ್ಟಿಫಿಕೇಟಿನ ವ್ಯಕ್ತಿ, ಮನೆ ಪತ್ರದಲ್ಲಿರೋ ವ್ಯಕ್ತಿ, ಇಬ್ಬರೂ ಒಬ್ಬರೇ ಅಂತ ಪ್ರಮಾಣ ಮಾಡ್ತೀರಾ? ಕನ್ನಡದಲ್ಲಿ ಹೇಳಿದೆ. ಪ್ರೇಮವ್ವ ಎತ್ತಿದ ಕೈ ಇಳಿಸದೆ ಆ ಸರ್ಟಿಫಿಕೇಟನ್ನೇ ನೋಡಿದರು. ಆ ಹುಡುಗಿ ಕಾದಳು. ಅವಸರ ಮಾಡಲಿಲ್ಲ, ಪುಣ್ಯಾತ್ಗಿತ್ತಿ.

ಆಮೇಲೆ ನನ್ನ ಕಡೆ ತಿರುಗಿದರು. "ಐವತ್ತೊಂದು ವರ್ಷ ಬಾಳೇ ಮಾಡೀನಿ. ಅವರs ಅಂತ ಹೇಳ್ರಿ ಆಕಿಗೆ."

"ಯೆಸ್" ಅಂತಷ್ಟೇ ಅನುವಾದ ಮಾಡಿದೆ.

ಕನ್ನಡದಲ್ಲೇ ಸಹಿ. ದುಂಡಗಿನ ಅಕ್ಷರ. ಅಫಿಡವಿಟ್ ಕೌಂಟಿ ಕೌಂಟರ್‌ನಲ್ಲಿ ಕೊಟ್ಟು, ಅಲ್ಲೇ ಬೆಂಚಿನ ಮೇಲೆ ಕೂತು ಲೀಸಿಗೂ ಹಾಕಿದರು. ಬರೋವಾಗ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಅಂದುಕೊಂಡೆ. ಅಲ್ಲ. ಫ್ರೀವೇಲಿ ಯಾರೋ ಹಾರ್ನ್ ಹೊಡೆದಾಗ ಹಾಗೇ ನಕ್ಕರು.

ಶುಕ್ರವಾರ, 3 ನವೆಂಬರ್

ಹದಿನಾರೂ ಸಹಿ ಆಗಿ ಲೀಸ್ ರಿಜಿಸ್ಟರ್ ಆಯ್ತು. ಬ್ಯಾಂಕ್ ಒಪ್ಪಿತು. ಸಾಬೆರಾ ಶೀರ್ ಕುರ್ಮಾ ಮಾಡಿ ಮೊದಲ ಬಟ್ಟಲು ಮೇಲೆ ಕೊಡೋಕೆ ಹೋದಳು. ಒಂದು ಗಂಟೆ ಆದರೂ ಇಳಿದು ಬರಲಿಲ್ಲ. ಅವಳಿಗೆ ಕನ್ನಡ ಅರ್ಧ, ಅವರಿಗೆ ಉರ್ದು ಕಾಲು. ಏನು ಮಾತಾಡಿದರೋ.

ಶನಿವಾರ, 25 ನವೆಂಬರ್

ನಾಳೆ ಟ್ರಕ್. ಶುಗರ್ ನೋಡಿಲ್ಲ, ಮೆಷಿನ್ ಯಾವ ಬಾಕ್ಸ್‌ನಲ್ಲಿದೆಯೋ.

ಪ್ರೇಮವ್ವ ಕರೆಸಿದ್ದರು. ಕೆಳಗೆ ಬರುವವರಿಗೆ ಕನ್ನಡ ಬರುತ್ತಾ ಅಂತ ಕೇಳಿದರು. ಇಲ್ಲ ಅಂದೆ. "ಹಂಗಾರ ನಾಕು ಮಾತು ಇಂಗ್ಲಿಷ್‌ನ್ಯಾಗ ಬರಕೊಡ್ರಿ, ಕನ್ನಡ ಅಕ್ಷರದಾಗ. ಪ್ರಣತಿ ಹೇಳಿಕೊಟ್ರ ತಿಳಿಯಂಗಿಲ್ಲ, ಭಾಳ ಜೋರು ಆಕಿ."

ಬರೆದೆ. ಗುಡ್ ಮಾರ್ನಿಂಗ್, ಐ ಲಿವ್ ಅಪ್‌ಸ್ಟೇರ್ಸ್. ಎರಡು ಸಲ ಓದಿ ತೋರಿಸಿದರು. ಪ್ಲೀಸ್ ಕಮ್ ಫಾರ್ ಟೀ. ಅದೂ ಬಂತು.

"ಇನ್ನೊಂದು. ಇವರ ಬಗ್ಗೆ. ಫೋಟೋ ನೋಡಿ ಕೇಳ್ತಾರಲ್ರಿ, ಯಾರು ಅಂತ."

ಮೈ ಹಸ್ಬೆಂಡ್ ಅಂತ ಬರೆದೆ. ಮುಂದೆ 'ಈಸ್' ಹಾಕಲೋ 'ವಾಸ್' ಹಾಕಲೋ. ಪೆನ್ ನಿಂತಿತು. ಅವರು ನನ್ನ ಕೈಯನ್ನೇ ನೋಡ್ತಿದ್ದರು. ನಾನು ಎರಡೂ ಬಿಟ್ಟು, ಮುಂದೆ ರೇವಣಸಿದ್ದಪ್ಪ ಅಂತ ಹೆಸರಷ್ಟೇ ಬರೆದೆ.