ಕೋಳಿ ತಿನ್ನದ ವೀರ

ಕಂಪ್ಲಿ,
೨೨-೫-೧೯೯೪, ಭಾನುವಾರ

ನಮ್ಮ ಮನೆಯವರಿಗೆ ಪಂಪಮ್ಮನ ನಮಸ್ಕಾರ.

ಹುಬ್ಬಳ್ಳಿಯಲ್ಲಿ ನಿಮ್ಮ ಆರೋಗ್ಯ ಹೇಗಿದೆ? ಖಾನಾವಳಿ ಊಟಕ್ಕೆ ಎದೆ ಉರಿಯುತ್ತದೆ ಎಂದು ಬರೆದಿದ್ದಿರಿ. ಮಜ್ಜಿಗೆ ಕುಡಿಯಿರಿ, ಸಂಜೆ ಮಿರ್ಚಿ ತಿನ್ನುವುದನ್ನು ಬಿಡಿರಿ. ಗೆಳೆಯರ ರಿಪೇರಿ ಅಂಗಡಿಯಲ್ಲೇ ಮಲಗುತ್ತೇನೆ, ನನ್ನ ಚಿಂತೆ ಮಾಡಬೇಡ ಎಂದೂ ಬರೆದಿದ್ದೀರಿ. ಅದನ್ನೇ ಮೂರು ಸಲ ಬರೆದಿದ್ದೀರಿ. ಒಂದೇ ಸಲ ಬರೆದಿದ್ದರೆ ನಂಬುತ್ತಿದ್ದೆ. ಇಲ್ಲಿ ಎಲ್ಲರೂ ಆರಾಮ. ಅತ್ತೆಯವರ ಮಂಡಿನೋವು ಇದ್ದ ಹಾಗೇ ಇದೆ. ಕಾಲುವೆ ನೀರು ನಿಲ್ಲಿಸಿದ್ದಾರೆ, ಬೇಸಿಗೆ ನೆಲ್ಲು ಬಂದದ್ದೆಲ್ಲ ಅಕ್ಕಿಯಾಗಿ ಹೋಯಿತು, ಈಗ ಮಿಲ್ಲು ವಾರಕ್ಕೆ ಎರಡು ದಿನ ನಡೆದರೆ ಹೆಚ್ಚು. ಹಮಾಲರಿಗೆ ಕೆಲಸವಿಲ್ಲ. ಕೆಲಸವಿಲ್ಲದವರು ಎಲ್ಲಿ ಕೂರುತ್ತಾರೆ? ನಿಮ್ಮ ಆಟದ ಪೆಟ್ಟಿಗೆಯ ಮುಂದೆ.

ಯುಗಾದಿ ಮರುದಿನ ನಡೆದದ್ದು ನನ್ನ ಕಣ್ಣ ಮುಂದೆ ಹಾಗೇ ಇದೆ. ಗೋದಾಮಿನ ಮುಂದಿನ ಕೋಣೆಯಲ್ಲಿ ನೀವು ಆ ವಿಡಿಯೊ ಗೇಮ್ ಪೆಟ್ಟಿಗೆ ಇಳಿಸಿದ್ದಕ್ಕೆ ಮಾವನವರು ಹಮಾಲರ ಎದುರಿಗೇ, "ನೆಲ್ಲು ಇಡೋ ಜಾಗದಾಗ ಜೂಜಿನ ಪೆಟಿಗಿ ಇಟ್ಟಿ" ಅಂದರು. ನೀವೇನು ಕಡಿಮೆಯವರೇ? "ಈ ಆಟ ಚಲೋ ಐತಿ ಅಂತ ಅಪ್ಪ ತನ್ನ ಬಾಯಿಲೆ ಅನ್ನೋತನ ನಾ ಈ ಹೊಸ್ತಿಲ ತುಳಿಯಂಗಿಲ್ಲ" ಅಂದು ಚೀಲ ಹಿಡಿದು ಹೊರಟಿರಿ. ಅಪ್ಪನೂ ಮಗನೂ ಸೇರಿ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು. ನಡುವೆ ಸಿಕ್ಕವಳು ನಾನು. ಅಂದಿನಿಂದ ಈ ಆಟದ ಬಗ್ಗೆ ಯಾರ ಬಾಯಲ್ಲಿ ಯಾವ ಮಾತು ಬಂದರೂ ನನ್ನ ಕಿವಿ ನೆಟ್ಟಗಾಗುತ್ತದೆ. ಊರು ಹೊಗಳಿದರೆ ಮಾವನವರೂ ಮೆತ್ತಗಾದಾರು, ನೀವು ಬಂದೀರಿ ಎಂಬ ಆಸೆ.

ಊರಿನ ಅಭಿಪ್ರಾಯ ಕೇಳಿರಿ. ಕಾಲುವೆ ಬದಿಯ ಕ್ಯಾಂಪಿನಲ್ಲಿ ನೆಲೆಸಿದ ಆಂಧ್ರದ ಹುಡುಗರು ಮೋಟರ್ ಸೈಕಲ್ ಮೇಲೆ ಬಂದು ದುಡ್ಡು ಕೊಟ್ಟು ಬಿಲ್ಲೆ ಮೇಲೆ ಬಿಲ್ಲೆ ಹಾಕಿ ಆಡುತ್ತಾರೆ, ಇಂಥಾದ್ದು ಬಳ್ಳಾರಿಯಲ್ಲೂ ಇಲ್ಲ ಅನ್ನುತ್ತಾರೆ. ಹಮಾಲಿ ಗಾಳೆಪ್ಪನಿಗೆ ಆಟದೊಳಗಿನ ವೀರನ ವೇಷ ಹಿಡಿಸಿಲ್ಲ. "ಚಡ್ಡಿ ಪ್ಯಾಂಟಿನ ಮ್ಯಾಲ ಹಾಕ್ಕೊಂಡಾನ, ಆದ್ರ ಏಟು ಮಸ್ತ್ ಹಾಕ್ತಾನ" ಎಂದು ಅವನ ತೀರ್ಪು. ಅತ್ತೆಯವರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ಅಷ್ಟು ಒಳ್ಳೆಯ ಕೆಂಪು ಚಾದರವನ್ನು ಬೆನ್ನಿಗೆ ಕಟ್ಟಿಕೊಂಡು ಮಣ್ಣುಪಾಲು ಮಾಡುತ್ತಾನಲ್ಲ ಎಂದು ಮರುಗಿದರು. ಇಷ್ಟರಲ್ಲಿ ಹೊಸಪೇಟೆಯಿಂದ ಬರುವ ವಾರಪತ್ರಿಕೆಯಲ್ಲಿ "ಒಬ್ಬ ನೋಡುಗ" ಎಂಬ ಹೆಸರಿನಲ್ಲಿ ಬೆಂಕಿಯಂಥ ಬರಹ ಬಂತು. ಕಂಪ್ಲಿಗೆ ಬಂದಿರುವ ಈ ವೀರ ಊರು ಕಾಪಾಡುತ್ತೇನೆಂದು ಹೊರಟು ದಾರಿಯಲ್ಲಿ ಅಂಗಡಿಕಾರರ ಪೀಪಾಯಿಗಳನ್ನೆಲ್ಲ ಒಡೆಯುತ್ತಾನೆ, ಅವುಗಳೊಳಗಿಂದ ಬೀದಿಗೆ ಬಿದ್ದ ಹುರಿದ ಕೋಳಿಯನ್ನು ಕೈ ಕೂಡ ತೊಳೆಯದೆ ತಿನ್ನುತ್ತಾನೆ, ಇವನಿಂದ ಯುವಕರು ಕಲಿಯುವುದೇನು ಎಂದು ಕೇಳಿದ್ದರು. ನಾನು ಅದನ್ನು ಮಾವನವರಿಗೆ ಓದಿ ಹೇಳಿದೆ. ಅವರು ಎಲೆ ಅಡಿಕೆ ಮೆಲ್ಲುತ್ತ, "ಬರೆದಾವ ತಿಳಿದಾವ ಅದಾನ" ಅಂದರು. ನೀವು ಬರುವ ದಾರಿಗೆ ಮುಳ್ಳು ಹಾಕಿದ ಆ ನೋಡುಗ ಯಾರೆಂದು ಹುಡುಕಲೇಬೇಕೆಂದು ಪತ್ರಿಕೆಯನ್ನು ಮಡಿಸಿ ಇಟ್ಟುಕೊಂಡೆ.

ನನ್ನ ಸಂಶಯ ನೇರ ಕ್ಯಾಸೆಟ್ ಅಂಗಡಿ ಎರ್ರಿಯಪ್ಪನ ಮೇಲೆ ಹೋಯಿತು. ನಿಮ್ಮ ಪೆಟ್ಟಿಗೆ ಬಂದ ಮೇಲೆ ಅವನ ಸಿನಿಮಾ ಕ್ಯಾಸೆಟ್ಟುಗಳನ್ನು ಕೇಳುವವರಿಲ್ಲ. ಅದಕ್ಕೆ ತಕ್ಕಂತೆ ಇನ್ನೊಂದು ಕಂಡೆ. ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆ ಮುಚ್ಚುತ್ತೇವಲ್ಲ, ಇಳಿಹೊತ್ತಿಗೆ ತೆಗೆದರೆ ಪೆಟ್ಟಿಗೆಯ ಗುಂಡಿಗಳ ಮೇಲೆಲ್ಲ ಬಿಳಿ ಪುಡಿ. ಒರೆಸಿದರೆ ಮರುದಿನ ಮತ್ತೆ. ಮಾಟ ಮಾಡಿಸಿದ್ದಾರೆ ಎಂದೇ ತಿಳಿದೆ. ಅಮಾವಾಸ್ಯೆಗೆ ಮಿಲ್ಲಿನ ಮೋಟಾರಿಗೆ ಕಟ್ಟುವಂತೆ ಈ ಪೆಟ್ಟಿಗೆಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಅದರ ಮುಂದೆ ಕುಂಬಳಕಾಯಿ ಕೂಡ ಒಡೆದೆ. ನಗಬೇಡಿರಿ. ನೀವು ಇಲ್ಲದ ಮನೆಯಲ್ಲಿ ನನಗೆ ತೋಚಿದ್ದು ಅಷ್ಟೇ.

ಬಸವ ಜಯಂತಿ ಕಳೆದ ಮೇಲೆ ಎರಡನೇ ಬರಹ ಬಂತು. ಅದೇ ನೋಡುಗ. ಈ ಸಲ, ಐದನೇ ಸ್ಟೇಜಿನ ಕಬ್ಬಿಣದ ಸೇತುವೆಯ ಮೇಲೆ ರಾಕ್ಷಸ ಯಂತ್ರ ಬರುವ ಹೊತ್ತಿಗೆ ವೀರನ ಜೀವ ಬರಿದಾಗಿರುತ್ತದೆ, ಶುದ್ಧವಾಗಿ ಹೋರಾಡಿದವನನ್ನು ಈ ಆಟ ಬೇಕೆಂದೇ ಸೋಲಿಸುತ್ತದೆ, ಇದು ಮೋಸದ ಆಟ ಎಂದು ಬರೆದಿದ್ದರು. ಪತ್ರಿಕೆ ಹಿಡಿದು ಸೀದಾ ಎರ್ರಿಯಪ್ಪನ ಅಂಗಡಿಗೆ ಹೋದೆ. ಅವನು ಪಾಪ, ದಂಗಾದ. ಕದ್ದು ಬಂದು ಒಂದೆರಡು ಸಲ ಆಡಿದ್ದು ನಿಜ ಎಂದು ಒಪ್ಪಿಕೊಂಡ. "ನಾ ಎರಡನೇ ಸ್ಟೇಜೇ ದಾಟಿಲ್ಲಕ್ಕಾ, ಐದನೇದರ ಸುದ್ದಿ ನಾ ಹೆಂಗ ಬರೀಲಿ?" ಅಂದ. ಆ ಮಾತು ನನ್ನ ತಲೆಯಲ್ಲಿ ಕೂತಿತು. ಕ್ಯಾಂಪಿನ ಹುಡುಗರೇ ಮೂರನೆಯದರಲ್ಲಿ ಸಾಯುತ್ತಾರೆ. ಐದರವರೆಗೆ ಹೋಗಬೇಕೆಂದರೆ ದಿನವೂ ಆಡಬೇಕು, ಬಿಲ್ಲೆಯಿಲ್ಲದೆ ಆಡಬೇಕು, ಅಂದರೆ ಪೆಟ್ಟಿಗೆಯ ಬೀಗದ ಕೈ ಬೇಕು. ಆ ಬೀಗದ ಕೈ ಇರುವುದು ನಮ್ಮ ದೇವರ ಕೋಣೆಯ ಮೊಳೆಗೆ.

ಮರುದಿನ ಊಟವಾದ ಮೇಲೆ ಮಲಗುವ ನೆಪ ಮಾಡಿ ತೌಡಿನ ಕೋಣೆಯ ಕಿಂಡಿಗೆ ಕಣ್ಣು ಹಚ್ಚಿದೆ. ಮಾವನವರು ಬಂದರು. ಅವರು ಮಿಲ್ಲಿನ ಯಾವ ಯಂತ್ರವನ್ನೂ ವಿಭೂತಿಯ ಕೈಯಿಲ್ಲದೆ ಮುಟ್ಟಿದವರಲ್ಲ, ನಿಮಗೆ ಗೊತ್ತು. ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಗುಂಡಿಗಳಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಬಿಳಿ ಪುಡಿ ಇದೇ, ನನ್ನ ಮಾಟದ ಭಯ ಅಲ್ಲಿಗೆ ಮುಗಿಯಿತು. ಆಮೇಲೆ ಧೋತರ ಎತ್ತಿಕಟ್ಟಿ ಜೋಡಿ ಆಟದ ಎರಡು ಕೋಲುಗಳಲ್ಲಿ ಎಡಗಡೆಯದನ್ನು ಹಿಡಿದು ನಿಂತರು ನೋಡಿರಿ, ಅಯ್ಯೋ ಶಿವನೇ, ಎಂಥಾ ಆಟ! ಒಂದು ಏಟೂ ವ್ಯರ್ಥವಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಷ್ಟು ದಿನ ಆಡಿದ್ದಾರೆ. ಆದರೆ ಒಂದು ವಿಚಿತ್ರ ಕಂಡೆ. ಪೀಪಾಯಿ ಒಡೆದು ಕೋಳಿ ಬಿದ್ದಾಗಲೆಲ್ಲ ಅವರ ವೀರ ಅದನ್ನು ದಾಟಿ ಹಾರುತ್ತಾನೆ. ಒಮ್ಮೆಯಾದರೂ ಮುಟ್ಟಲಿಲ್ಲ. ಅದನ್ನು ತಿಂದರೇ ಜೀವ ತುಂಬುವುದು ಎಂದು ಹಮಾಲರ ಮಕ್ಕಳಿಗೂ ಗೊತ್ತು. ಕೊನೆಗೆ ಆ ಬರಹದಲ್ಲಿದ್ದ ಹಾಗೇ ಐದನೇ ಸ್ಟೇಜಿನ ಸೇತುವೆ ಮೇಲೆ ವೀರ ಸತ್ತ. ಆ ನೋಡುಗ ಇವರೇ! ಮಾವನವರು ಹಣೆ ಒತ್ತಿಕೊಂಡು ನಿಂತರು.

ತಡೆಯದೆ ಒಳಗೆ ಹೋದೆ. ಅವರು ನಾಚಲಿಲ್ಲ, ಬೈಯಲೂ ಇಲ್ಲ. ಕೋಳಿ ತಿಂದರೆ ಗೆಲ್ಲುತ್ತೀರಿ ಮಾವಾರ ಎಂದು ತಿಳಿಸಿ ಹೇಳಿದೆ. "ನನ್ನ ಕೈಯಾಗ ಇರೋತನ ಅಂವ ತಿನ್ನಂಗಿಲ್ಲವ್ವ" ಅಂದರು. ಆಟವನ್ನು ಹೊಗಳುವ ಒಂದೇ ಒಂದು ಮಾತು ಹೇಳಿರಿ, ನಿಮ್ಮ ಮಗ ಮನೆಗೆ ಬರುತ್ತಾರೆ ಎಂದು ಕೈ ಮುಗಿದೆ. "ಮೋಸದಾಟಾನ ಚಲೋ ಅಂತ ಹೆಂಗ ಅನ್ಲಿ?" ಎಂದು ಬೀಗದ ಕೈ ತೆಗೆದುಕೊಂಡು ಹೊರಟುಹೋದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಲ್ಲೇ ಅಕ್ಕಿ ಚೀಲದ ಮೇಲೆ ಕೂತು ಅತ್ತುಬಿಟ್ಟೆ. ನಿಮ್ಮಿಬ್ಬರ ಹಟದಲ್ಲಿ ನನ್ನ ದಿನ ಹೀಗೇ ಹೋಗಬೇಕೇ? ನೀವಿಲ್ಲದೆ ನನಗೆ ಬೇಸರ, ಇದನ್ನು ಬಾಯಿಬಿಟ್ಟೇ ಹೇಳುತ್ತೇನೆ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಗಾಳೆಪ್ಪ ನಮಸ್ಕಾರ ಹೇಳಿದ್ದಾನೆ. ಪಂಪಾಪತಿ ನಿಮ್ಮನ್ನು ಕಾಯಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ,
ನಿಮ್ಮ ದಾರಿ ನೋಡುತ್ತಿರುವ
ಪಂಪಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದಾಗ ಮಾವನವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಇದು ನಾನೇ ಕಟ್ಟಿದ ಮಾತು ಎಂದು ನಿಮಗೆ ಸಂಶಯ ಬರುತ್ತದೆ, ಬಲ್ಲೆ. ದೇವರಾಣೆ, ಅವರು ಅಂದದ್ದನ್ನು ಅಂದ ಹಾಗೇ ಬರೆಯುತ್ತಿದ್ದೇನೆ: "ಆಟ ಚಲೋ ಐತಿ ಅಂತ ಬರಿಬ್ಯಾಡ. ಕೋಳಿ ತಿನ್ನದಂಗ ಆ ಸೇತುವಿ ದಾಟಬೇಕಂದ್ರ ಒಬ್ಬನ ಕೈಲೆ ಆಗಂಗಿಲ್ಲ, ಇಬ್ಬರು ಬೇಕು. ಬಲಗಡಿ ಕೋಲು ಖಾಲಿ ಐತಿ ಅಂತ ಬರಿ."