ಹಿತ್ತಲ ಟೇಬಲ್ಲು

ಕಾಕ್ಸ್ ಟೌನ್
ಭಾನುವಾರ, ೮ ಸೆಪ್ಟೆಂಬರ್ ೨೦೨೪

ಚಿ. ಭಾರ್ಗವನಿಗೆ ಅಕ್ಕ ಸುಜಾತಾ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೀವಿ. ಕಾಗದ ಬರೆಯೋದು ತಡವಾಯ್ತು, ಬೇಜಾರು ಮಾಡ್ಕೋಬೇಡ. ಫೋನ್ ಎತ್ತದೇ ಇದ್ದಿದ್ದು ಮಾತ್ರ ಬೇಕಂತಲೇ. ಫೋನಾದ್ರೆ ನೀನು ಮಧ್ಯದಲ್ಲೇ ಬಾಯಿ ಹಾಕಿ 'ಅಕ್ಕ, ನೀನು ತಪ್ಪು ತಿಳ್ಕೊಂಡಿದ್ದೀಯ' ಅಂತೀಯ. ಈಗ ಬಾಯಿ ಮುಚ್ಕೊಂಡು ಪೂರ್ತಿ ಓದು.

ಗೌರಿ ಹಬ್ಬಕ್ಕೆ ನೀನು ಡ್ರೈವರ್ ಕೈಲಿ ಕಳಿಸಿದ ಬಾಗಿನ ಬಂತು. ಅರಿಶಿನ ಕುಂಕುಮ ತಗೊಂಡು ಸೀರೆ ವಾಪಸ್ ಕಳಿಸ್ದೆ. ತವರಿನ ಬಾಗಿನ ಹಿಂತಿರುಗಿಸೋದು ಎಂಥ ಮಾತು ಅಂತ ನನಗೂ ಗೊತ್ತು. ನಿನ್ನ ಭಾವ 'ಹಬ್ಬದ ದಿನ ಇದೆಲ್ಲ ಯಾಕೆ' ಅಂದ್ರು. ಅವರಿಗೂ ಬೈದೆ. ಗೃಹಪ್ರವೇಶದ ದಿನ ಎಲೆ ಮುಂದಿನಿಂದ ಎದ್ದು ಹೋಗಿ ನಾಲ್ಕು ಜನರೆದುರು ನಿನ್ನ ಮಾನ ಕಳೆದೆ ಅಂತ ನಿನ್ನ ಹೆಂಡತಿ ಶರ್ವಾಣಿ ಹತ್ರ ಹೇಳಿಕಳಿಸಿದ್ದೀಯಲ್ಲ, ಯಾಕೆ ಎದ್ದೆ ಅಂತ ಹೇಳ್ತೀನಿ.

ಕೆ.ಆರ್. ಪುರದ ಹಳೇ ಮನೆ ಕೆಡವೋವಾಗ, ಈಗ ನಿನ್ನ ಹೊಸ ಮನೇಲಿರೋ ಆ ಟೇಬಲ್ಲನ್ನ ಗುಜರಿಗೆ ಹಾಕೋಕೆ ಹೊರಟಿದ್ದೋನು ನೀನು. 'ಯಾವುದೋ ಹಲಸಿನ ಹಲಗೆ' ಅಂದೆ. ಅಪ್ಪ ಪ್ರತಿ ಆಯುಧಪೂಜೆಗೂ ಫ್ಯಾಕ್ಟರಿಲಿ ಮಿಕ್ಕಿದ ಬೂದು ಪೇಂಟ್ ತಂದು ಗೇಟು, ಸೈಕಲ್ಲು, ಕಿಟಕಿ ಸರಳು, ಕೊನೆಗೆ ಆ ಟೇಬಲ್ಲು, ಎಲ್ಲಕ್ಕೂ ಬಳೀತಿದ್ರು. ಒಳಗಿನ ಮರ ಯಾರಿಗೆ ಕಾಣ್ಬೇಕು? ನಾನೇ ಶಿವಾಜಿನಗರದ ರಹೀಂ ಅಂಗಡಿಗೆ ಸಾಗಿಸ್ದೆ. ರಿಟೈರ್ ಆದ್ಮೇಲೆ ನಾನು ಪಾಲಿಶ್ ಕೆಲಸ ಕಲಿತದ್ದು ಅಲ್ಲೇ ಅಲ್ವಾ. ತಿರುಗಿಸಿ ಹಾಕಿ ಅಡಿಯಂಚು ಕೆರೆದೆ. ಸಿಹಿ ವಾಸನೆ, ಒಳಗೆ ನೇರಳೆಗಪ್ಪು ಗೆರೆ. ಡ್ರಾಯರ್ ಮೂಲೇಲಿ ಹಲಗೆ ಬೆಸೆಯೋ ಹಲ್ಲುಗಳು ಒಂದರ ಹಾಗೆ ಒಂದಿಲ್ಲ, ಕೈಯಲ್ಲಿ ಕೊಯ್ದದ್ದು. ಎಲ್ಲೂ ಮೊಳೆ ಇಲ್ಲ, ಮರದ ಗೂಟ. 'ಬೀಟೆ ಕಣೋ ರಹೀಂ' ಅಂದೆ. 'ಏನ್ ಮೇಡಂ, ಬೀಟೆಗೆ ಯಾರಾದ್ರೂ ಪೇಂಟ್ ಹೊಡೀತಾರಾ' ಅಂತ ಅವನು ನಮ್ಮಪ್ಪನಿಗೆ ಬೈದ.

ಬಿಸಿಗಾಳಿ ಕೊಟ್ಟು ಪೇಂಟನ್ನ ಪದರ ಪದರವಾಗಿ ಎಬ್ಬಿಸ್ದೆ. ಮರಳುಕಾಗದದಲ್ಲಿ ಮರದ ಎಳೆ ಹಿಡಿದೇ ಉಜ್ಜಬೇಕು, ಅಡ್ಡ ಉಜ್ಜಿದ್ರೆ ಗೀರು ಹೋಗಲ್ಲ. ಆಮೇಲೆ ಸ್ಪಿರಿಟ್ಟಲ್ಲಿ ಕರಗಿಸಿದ ಅರಗನ್ನ ಬಟ್ಟೆ ಸುತ್ತಿದ ಹತ್ತಿ ಉಂಡೇಲಿ ತಿಕ್ಕಿ ತಿಕ್ಕಿ ಹೊಳಪು ತಂದೆ. ಇಡೀ ಬೇಸಿಗೆ ಹಿಡೀತು, ಭುಜ ಇನ್ನೂ ನೋಯುತ್ತೆ. ಇಂದಿರಾನಗರದಲ್ಲಿ ತಮ್ಮ ಕಟ್ಟಿಸಿದ ಮನೆಗೆ ಅಂತ ಖುಷಿಯಾಗೇ ಮಾಡ್ದೆ.

ಗೃಹಪ್ರವೇಶದ ದಿನ ನೀನೇನು ಮಾಡ್ದೆ? ಆಫೀಸಿನವರನ್ನ ಅದರ ಸುತ್ತ ನಿಲ್ಲಿಸ್ಕೊಂಡು 'ಫ್ಯಾಮಿಲಿ ಹೆರಿಟೇಜ್, ಚಿಕ್ಕವರಿದ್ದಾಗ ನಾವೆಲ್ಲ ಇದರಲ್ಲೇ ಕೂತು ಊಟ ಮಾಡ್ತಿದ್ದಿದ್ದು' ಅಂದೆ. ಹಾಗನ್ನೋಕೆ ನಾಲಿಗೆ ಹೇಗೆ ಹೊರಳ್ತೋ ನಿಂಗೆ.

ಯಾವ ನಾವೆಲ್ಲ? ಇಂಗ್ಲಿಷ್‌ನೋರ ಮನೆ ಹರಾಜಲ್ಲಿ ಅಪ್ಪ ತಂದದ್ದು ಅದು. ಮಾಂಸ ತಿಂದ ಟೇಬಲ್ಲು ಅಂತ ಅಮ್ಮ ಹೊಸ್ತಿಲು ದಾಟಿಸ್ಲಿಲ್ಲ. ಹಿತ್ತಲಲ್ಲಿ ಒಗೆಯೋ ಕಲ್ಲಿನ ಪಕ್ಕ, ಶೀಟಿನ ಕೆಳಗೆ ಬಿತ್ತು. ಹೇಗೂ ಮೈಲಿಗೆಯದು ಅಂತ, ನಾನು ದೊಡ್ಡವಳಾದ್ಮೇಲೆ ತಿಂಗಳಿಗೆ ಮೂರು ದಿನ ನನ್ನ ತಟ್ಟೆ ಅದರ ಮೇಲೆ. ಊಟ, ಹೋಮ್‌ವರ್ಕು, ಪಿಯುಸಿ ಪರೀಕ್ಷೆಗೆ ಓದಿದ್ದು, ಎಲ್ಲ ಅಲ್ಲೇ, ಒಬ್ಬಳೇ. ನಿನ್ನ ಚೆಂಡು ಅದರಡಿಗೆ ಉರುಳಿದ್ರೆ 'ಅಕ್ಕ, ಕೋಲಲ್ಲಿ ತಳ್ಳೇ, ಕೈಲಿ ಮುಟ್ಬೇಡ' ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗ್ತಿದ್ದೆ. ಆಗ ನೀನು ಹುಡುಗ, ಅದಕ್ಕೆ ಕೋಪ ಇಲ್ಲ. ಈಗ ಐವತ್ತು ದಾಟಿದೆ. ಆ ಟೇಬಲ್ಲಲ್ಲಿ ಉಂಡೋಳು ಎದುರಿಗೇ ಕೂತಿರುವಾಗ ಸುಳ್ಳು ಹೇಳಿ ಶಹಭಾಸ್ ಅನ್ನಿಸ್ಕೊಂಡೆಯಲ್ಲ, ಅದಕ್ಕೆ ಮೈ ಉರಿಯುತ್ತೆ.

ಆದ್ರೂ ನೀನು ನನ್ನ ತಮ್ಮ. ಮನೆ ತುಂಬ ಬಾಳಿ, ಶರ್ವಾಣಿಗೂ ನಿನಗೂ ದೇವರು ಆರೋಗ್ಯ ಕೊಡ್ಲಿ. ಬಿಪಿ ಮಾತ್ರೆ ಬಿಡಬೇಡ. ಬಿಸಿ ಪಾತ್ರೆ ನೇರವಾಗಿ ಟೇಬಲ್ ಮೇಲೆ ಇಡಬೇಡಿ, ಪಾಲಿಶ್ ಬೆಳ್ಳಗಾಗುತ್ತೆ.

ಇಂತಿ,
ನಿನ್ನ ಅಕ್ಕ
ಸುಜಾತಾ

ತಾ.ಕ.: ಇಷ್ಟಕ್ಕೇ ಮುಗಿಸೋಣ ಅಂತಿದ್ದೆ, ಆಗ್ಲಿಲ್ಲ. ಬರೀ ಸುಳ್ಳಾಗಿದ್ರೆ ನುಂಗಿಕೊಂಡು ಊಟ ಮಾಡ್ತಿದ್ದೆ. ಎಲೆ ಮುಂದೆ ಕೂರೋ ಮುಂಚೆ ಕೈ ತೊಳೆಯೋಕೆ ನಿಮ್ಮ ಹಿಂದಿನ ಯುಟಿಲಿಟಿಗೆ ಹೋಗಿದ್ದೆ. ತನ್ಮಯಿ ಎಲ್ಲಿ ಅಂತ ಕೇಳಿದ್ದಕ್ಕೆ ಶರ್ವಾಣಿ 'ಟ್ಯೂಷನ್‌ಗೆ ಹೋಗಿದ್ದಾಳೆ' ಅಂದಿದ್ಲು. ನಿನ್ನ ಮಗಳು ಅಲ್ಲೇ ಇದ್ಲು. ವಾಷಿಂಗ್ ಮೆಷೀನ್ ಮೇಲೆ ತಟ್ಟೆ ಇಟ್ಕೊಂಡು ನಿಂತೇ ತಿಂತಿದ್ಲು. ನಮ್ಮಮ್ಮ ನನಗೆ ಕೂರೋಕೆ ಒಂದು ಸ್ಟೂಲಾದ್ರೂ ಹಾಕಿದ್ಲು ಕಣೋ. ನನ್ನ ನೋಡಿ ಮಗು ಗೋಡೆಗೆ ಸರಿದು, 'ಅತ್ತೆ, ಮುಟ್ಬೇಡಿ, ನಾನು ಹೊರಗೆ' ಅಂತು. ಆಮೇಲೆ ಮೆಲ್ಲಗೆ ಕೇಳ್ತು, 'ಟೇಬಲ್ ತುಂಬ ಚೆನ್ನಾಗಿ ಬಂದಿದೆಯಂತೆ, ಹೌದಾ ಅತ್ತೆ? ನನಗಿನ್ನೂ ನೋಡೋಕೆ ಬಿಟ್ಟಿಲ್ಲ.'