ಬಾಯಿ ಬಿಟ್ಟ ಪ್ರಾಣಿಗಳು

ಸ್ಟೇಷನ್ ಹಿಂದಿನ ಮನೆ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಚೆಂದ ನೋಡುತ್ತಿದ್ದೀಯೋ? ತಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿದು ಮಾಡಬೇಡ ಎಂದರೆ ಕೇಳುವವನಲ್ಲ ನೀನು. ನಾವೆಲ್ಲ ಆರೋಗ್ಯ. ಪ್ಲಾಟ್‌ಫಾರಂ ಮೇಲಿನ ನನ್ನ ಟೀ ಅಂಗಡಿಗೆ ಹೊಸ ಸ್ಟೌ ಬಂದಿದೆ, ಹಾಳಾದ್ದು ಹಳೆಯದಕ್ಕಿಂತ ಜಾಸ್ತಿ ಹೊಗೆ ಉಗುಳುತ್ತದೆ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ಏನೋ ಒಂದು ಉತ್ತರ ಕೊಡುತ್ತೀಯ. ಅದಕ್ಕೇ ಬರೆದು ಮಧ್ಯಾಹ್ನದ ಗಾಡಿಯ ಗಾರ್ಡಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿದೆ. ಯಾಕೆ ಅನ್ನುವುದು ನಿನಗೂ ಗೊತ್ತಿರಬೇಕು. ಮೈಕಿನಲ್ಲಿ ರೈಲು ಬರುವುದು ಹೋಗುವುದನ್ನು ಹೇಳುವ ಕೆಲಸಕ್ಕೆ ಸ್ಟೇಷನ್ ಮಾಸ್ತರು ನಿನ್ನ ಮೊಮ್ಮಗಳು ಗಿಣಿಯನ್ನು ಕರೆದರು. ಅವಳು ಅಂಗಡಿಯಲ್ಲಿ ನಿಂತು, "ಅಜ್ಜಿ, ನಿಮ್ ಗಾಡಿ ಇವತ್ತು ಆ ಕಡೆ ಬರತ್ತೆ, ನಿಧಾನಕ್ಕೆ ದಾಟಿ" ಎಂದು ಹೇಳುವುದನ್ನು ದಿನಾ ಕೇಳಿ ಕೇಳಿಯೇ ಅವರು ಕರೆದದ್ದು. ಶುಕ್ರವಾರ ಮೈಕಿನ ಮುಂದೆ ಕೂರಿಸಿ ನೋಡುತ್ತಾರೆ, ಸರಿಹೋದರೆ ಕೆಲಸ ಅವಳದ್ದೇ. ಹುಡುಗಿ ನೆಲದ ಮೇಲೆ ನಿಲ್ಲಲಿಲ್ಲ. ನೀನು ಹೊರಡುವ ಮುಂಚಿನ ದಿನ ಊಟಕ್ಕೆ ಕೂತು ಗಂಟಲು ಸರಿಮಾಡಿಕೊಂಡೆ ನೋಡು, ಕಥೆ ಬರುತ್ತದೆಂದು ನನಗೆ ಆಗಲೇ ಗೊತ್ತಾಯಿತು. ನೀನು ಈ ಮನೆಯಲ್ಲಿ ಯಾರನ್ನೂ ಬೈದವನಲ್ಲ. ಅನ್ನ ಕಲಸುತ್ತಾ ಒಂದು ಪ್ರಾಣಿಯ ಕಥೆ ಹೇಳುತ್ತೀಯ, ಆ ಪ್ರಾಣಿ ಯಾರೆಂದು ತಟ್ಟೆ ತೊಳೆಯುವಷ್ಟರಲ್ಲಿ ಅವರವರಿಗೆ ತಿಳಿಯುತ್ತದೆ.

ಅವತ್ತು ಬಣ್ಣದ ತೊಟ್ಟಿಗೆ ಬಿದ್ದ ನರಿಯ ಕಥೆ. ನೀಲಿಯಾಯಿತು, ಕಾಡಿಗೆ ರಾಜನಾಯಿತು, ಒಂದು ದಿನ ಊಳಿಟ್ಟು ಸಿಕ್ಕಿಬಿತ್ತು, ಎಲ್ಲ ಸೇರಿ ಕೊಂದವು. ಕೈ ತೊಳೆದು ಹೋಗಿ ಮಲಗಿದೆ ನೀನು. ಮಾರನೆಯ ದಿನ ಇವಳು ಮಾಸ್ತರ ಹತ್ತಿರ ಹೋಗಿ ಬೇಡ ಎಂದು ಬಂದಳು. ಕೇಳಿದರೆ, "ನಾನು ಬಾಯಿ ಬಿಟ್ಟ ಕೂಡ್ಲೇ ಹಮಾಲಿ ಮನೆಯವಳು ಅಂತ ಗೊತ್ತಾಗತ್ತಲ್ಲಮ್ಮ" ಅನ್ನುತ್ತಾಳೆ.

ಅಪ್ಪಾ, ಟೀ ಸೋಸುತ್ತಾ ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ನಿನ್ನ ಕಥೆಗಳಲ್ಲಿ ಸಾಯುವವರೆಲ್ಲ ಬಾಯಿ ಬಿಟ್ಟವರೇ. ಹುಲಿಯ ಚರ್ಮ ಹೊದ್ದ ಕತ್ತೆ ಅರಚಿ ಸತ್ತಿತು. ಹಂಸಗಳ ಜೊತೆ ಹಾರಿದ ಆಮೆ ಮಾತಾಡಿ ಸತ್ತಿತು. ನಾನು ನರ್ಸ್ ಕೆಲಸ ಕಲಿಯುತ್ತೇನೆ ಅಂದಾಗ ನನ್ನ ತಟ್ಟೆಗೆ ಬಿದ್ದದ್ದು ಆ ಆಮೆಯೇ, ಮರೆತಿಲ್ಲ. ಸಿಂಹ ಎಷ್ಟು ಗರ್ಜಿಸಿದರೂ ನಿನ್ನ ಯಾವ ಕಥೆಯಲ್ಲೂ ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ನರಿ ಸುಳ್ಳು ಹೇಳಿತ್ತು, ಒಪ್ಪಿದೆ. ನಮ್ಮ ಗಿಣಿ ಯಾವ ಬಣ್ಣ ಬಳಿದುಕೊಂಡಿದ್ದಾಳೆ ಹೇಳು? ಮಾಸ್ತರು ಕರೆದದ್ದು ಅವಳ ಸ್ವಂತ ದನಿ ಕೇಳಿಯೇ ತಾನೇ.

ಎದುರು ಮಾತಾಡಿದ ಹಮಾಲಿಯನ್ನು ಆಗೆಲ್ಲ ಗೇಟಿನಿಂದಲೇ ಓಡಿಸುತ್ತಿದ್ದರು, ಗೊತ್ತು. ನೀನು ಬಾಯಿ ಮುಚ್ಚಿಕೊಂಡು ಹೊರೆ ಹೊತ್ತು ನಮ್ಮನ್ನು ಸಾಕಿದೆ. ಅದನ್ನು ನೆನೆಸಿಕೊಂಡರೆ ಸಿಟ್ಟು ಅರ್ಧ ಇಳಿಯುತ್ತದೆ, ಇವಳ ಮುಖ ನೋಡಿದರೆ ಮತ್ತೆ ಏರುತ್ತದೆ.

ತಮ್ಮನಿಗೂ ನಾದಿನಿಗೂ ಕೇಳಿದೆನೆಂದು ಹೇಳು. ಬಿಸಿನೀರಲ್ಲೇ ಸ್ನಾನ ಮಾಡು. ಸಿಟ್ಟಿದ್ದರೂ ಕಾಲಿಗೆ ಬಿದ್ದಿದ್ದೇನೆ ಅಂದುಕೋ.

ನಿನ್ನ ಮಗಳು,
ಟೀ ಅಂಗಡಿಯವಳು

ಇನ್ನೊಂದು ಮಾತು. ಗಾರ್ಡಣ್ಣ ಶಿಳ್ಳೆ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹಮಾಲಿ ಮನೆಯವಳು ಅಂತ ಗೊತ್ತಾಗುತ್ತದೆ ಅನ್ನುವುದೆಲ್ಲ ಗಿಣಿಯ ನೆಪ. ಇವತ್ತು ಲೋಟ ತೊಳೆಯುತ್ತಾ, "ತಾತಂಗೆ ಇಷ್ಟ ಇಲ್ಲಮ್ಮ" ಅಂದಳು, ಅಷ್ಟೇ. ಶುಕ್ರವಾರದವರೆಗೆ ತಡೆಯಿರಿ ಎಂದು ಮಾಸ್ತರ ಹತ್ತಿರ ಬೇಡಿಕೊಂಡಿದ್ದೇನೆ. ಗಾರ್ಡಣ್ಣ ಗುರುವಾರ ವಾಪಸ್ ಬರುತ್ತಾನೆ, ಗಿಣಿಗೆ ಹೋಗು ಎಂದು ಒಂದು ಸಾಲು ನಿನ್ನ ಕೈಯಾರೆ ಬರೆದು ಅವನಿಗೆ ಕೊಡು. ಕೊಡದಿದ್ದರೂ ತಾತ ಹೋಗು ಅಂದಿದ್ದಾರೆ ಎಂದೇ ನಾನು ಅವಳಿಗೆ ಹೇಳುವುದು. ನನ್ನನ್ನು ಸುಳ್ಳುಗಾತಿ ಮಾಡಬೇಡ ಅಪ್ಪಾ.